ಬುಟ್ಟಿಯಲ್ಲಿ ಇಲ್ಲದ ಚಪ್ಪಲಿ

ಕುಷಾಯಿಗೂಡ, ಹೈದರಾಬಾದ್
೨೭ ಏಪ್ರಿಲ್ ೨೦೨೩

ಸುಮತಿಯವರಿಗೆ,

ನಾವು ಇಲ್ಲಿ ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ಕೇಳುವ ಮನಸ್ಸೂ ನನಗಿಲ್ಲ. ‘ಬೀಗಿತ್ತಿಯವರೇ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಮಸಿಯ ಕಲೆ ಅದೇ.

ನಿಮ್ಮ ನಂಬರನ್ನೂ ನಿಮ್ಮ ಯಜಮಾನರ ನಂಬರನ್ನೂ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ಬೈದರೆ ನೀವು ನಡುನಡುವೆ ‘ಹೌದು ಹೌದು, ತಪ್ಪಾಯ್ತು’ ಎನ್ನುತ್ತೀರಿ, ನನ್ನ ಸಿಟ್ಟು ಅರ್ಧಕ್ಕೇ ಇಳಿದುಹೋಗುತ್ತದೆ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ. ಅಲ್ಲದೆ ಈ ಊರಿನಲ್ಲಿ ನಮಗೆ ಬೈಯುವುದಕ್ಕೂ ತೆಲುಗು ಬೇಕು, ಇಲ್ಲವೇ ಹಿಂದಿ ಬೇಕು. ಕನ್ನಡದಲ್ಲಿ ಮನಸಾರೆ ಬೈದು ಬಹಳ ದಿನವಾಗಿತ್ತು. ಆ ಸುಖವನ್ನು ನಿಮ್ಮ ಮನೆಯವರು ಕೊಟ್ಟಿದ್ದಾರೆ.

ನನ್ನ ಮಗಳು ಕಾವ್ಯಾ ನಿಮ್ಮ ಮಗ ಗಗನನನ್ನು ಮೆಚ್ಚಿದಾಗ ಕಲಬುರಗಿ ಕಡೆಯ ನಮ್ಮ ಬಳಗ ಏನೆಂದಿತು ಗೊತ್ತೇ? “ಸಮುದ್ರದ ದಂಡಿಯವರಾ? ಮೀನ ತಿನ್ನೋರಾ? ಹುಡುಗಿಗೆ ತಲಿ ಕೆಟ್ಟೈತೋ, ನಿನಗ ಕೆಟ್ಟೈತೋ?” ಎಂದಿತು. ಆಗ ಎದ್ದು ನಿಂತವಳು ನನ್ನ ಅವ್ವ ಗದಿಗೆಮ್ಮ ಒಬ್ಬಳೇ. “ಹುಡುಗನ ಮಾರಿ ನೋಡ್ರೋ, ಅಂವ ಏನ ತಿಂತಾನ ಅಂತ ಯಾಕ ನೋಡ್ತೀರಿ?” ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಆ ಅವ್ವನನ್ನೇ ನೀವು ಸಮುದ್ರದ ನಡುವೆ ಬಿಟ್ಟುಬಂದಿರಿ.

ಹೊನ್ನಾವರಕ್ಕೆ ನಿಮ್ಮ ಮನೆ ನೋಡಲು ಬಂದ ನಮ್ಮನ್ನು ದೋಣಿ ಹತ್ತಲೇಬೇಕೆಂದು ಒತ್ತಾಯಿಸಿದವರು ನಿಮ್ಮ ಯಜಮಾನರು. “ನಮ್ಮ ಜಟಗನ ಕಲ್ಲು ನೋಡದೇ ಹೋದ್ರೆ ಎಂತ ಬಂದ ಹಾಗೆ?” ಎಂದರು. ಬಂದೆವು. ಆ ಕಡೆ ಈ ಕಡೆಯ ಬಳಗ ಸೇರಿ ಇಪ್ಪತ್ತರ ಮೇಲೆ ಜನ. ನದಿ ಕಡಲಿಗೆ ಸೇರುವಲ್ಲಿ ದೋಣಿ ಎದ್ದು ಬಿದ್ದಾಗ ನನ್ನ ಹೊಟ್ಟೆಯೊಳಗಿದ್ದ ಅವಲಕ್ಕಿಯೆಲ್ಲ ನಿಮ್ಮ ಕಡಲಿನ ಪಾಲಾಯಿತು. ಅದಕ್ಕೂ ನಾನು ಏನೂ ಅನ್ನಲಿಲ್ಲ. ಜಟಗ ದೇವರಿರುವ ಆ ಬಂಡೆಯ ದ್ವೀಪದ ಮರೆಯಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ನಾಲ್ಕು ನಾಲ್ಕು ಜನರನ್ನು ದಡಕ್ಕೆ ಮುಟ್ಟಿಸಿದರು. ಕಾಯಿ ಒಡೆದೆವು, ಕಲ್ಲಂಗಡಿ ತಿಂದೆವು, ಹುಡುಗರು ಬಂಡೆ ಹತ್ತಿದರು. ಮಧ್ಯಾಹ್ನ ಗಾಳಿ ಎದ್ದಿತೆಂದು ಗಡಿಬಿಡಿ ಮಾಡಿ ಮತ್ತೆ ನಾಲ್ಕು ನಾಲ್ಕು ಜನರನ್ನು ದೊಡ್ಡ ದೋಣಿಗೆ ಹತ್ತಿಸಿದರು. ನಿಮ್ಮ ಯಜಮಾನರು ಚುಕ್ಕಾಣಿಯ ಹತ್ತಿರದಿಂದ ಕೂಗಿ ಕೇಳಿದ್ದು ಏನು? “ಬುಟ್ಟಿ ಖಾಲಿ ಆಯ್ತಾ?” ಗಗನ ಬುಟ್ಟಿಯೊಳಗೆ ಬಗ್ಗಿ ನೋಡಿ “ಆಯ್ತು ಅಪ್ಪ” ಎಂದ. ದೋಣಿ ಹೊರಟಿತು.

ಅವರು ಕೇಳಿದ್ದು ಯಾವುದೋ ಮೀನಿನ ಬುಟ್ಟಿಯನ್ನೆಂದು ನಾನು ತಿಳಿದಿದ್ದೆ! ದೋಣಿ ಕಟ್ಟುವ ದಕ್ಕೆಗೆ ಬಂದು ನಿಂತ ಮೇಲೆ ಗೊತ್ತಾಯಿತು, ಅದು ನಾವೆಲ್ಲ ಚಪ್ಪಲಿ ಬಿಟ್ಟಿದ್ದ ಬುಟ್ಟಿ, ನೀವು ಜನರನ್ನು ಲೆಕ್ಕ ಹಾಕುವುದೇ ಚಪ್ಪಲಿಯಿಂದ. ನನ್ನ ಅವ್ವ ಚಪ್ಪಲಿ ಮೆಟ್ಟುವುದಿಲ್ಲ. ಕಾವ್ಯಾಳ ಕೊರಳಿಗೆ ತಾಳಿ ಬೀಳುವವರೆಗೂ ಕಾಲಿಗೆ ಚಪ್ಪಲಿ ಹಾಕುವುದಿಲ್ಲವೆಂದು ಮನೆದೇವರಿಗೆ ಹರಕೆ ಹೊತ್ತು ಮೂರು ವರ್ಷವಾಯಿತು. ಅಂದರೆ ನಿಮ್ಮ ಲೆಕ್ಕದಲ್ಲಿ ಅವಳು ದೋಣಿ ಹತ್ತಲೇ ಇಲ್ಲ!

ಆ ಗಾಳಿಯಲ್ಲಿ ಅಷ್ಟು ಜನರನ್ನು ಹೊತ್ತು ದೋಣಿ ತಿರುಗಿಸಲಾಗದೆಂದು ನನ್ನನ್ನು ದಕ್ಕೆಯ ಮೇಲೆ ನಿಲ್ಲಿಸಿ ಅಪ್ಪ ಮಗ ಇಬ್ಬರೇ ತಿರುಗಿ ಹೋದರು. ಅವರು ಅವಳನ್ನು ಕರೆತರುವವರೆಗೆ ನನ್ನ ಜೀವ ಎಲ್ಲಿತ್ತೆಂದು ನಿಮಗೆ ಬರೆದು ತಿಳಿಸಲಾರೆ. ಎಪ್ಪತ್ತಾರು ವರ್ಷದ ಮುದುಕಿ, ಕಾದ ಕರಿಬಂಡೆ, ಕುಡಿಯಲು ಹನಿ ನೀರಿಲ್ಲ, ಬರಿಗಾಲು. ಬಂದವಳ ಅಂಗಾಲು ನೋಡಿದಿರಲ್ಲ ನೀವೂ.

ಜೂನ್ ಎಂಟರ ಮದುವೆ ಇಲ್ಲ. ನಮ್ಮ ಮನೆಯ ಹಿರಿಯರನ್ನು ಒಂದು ಜೊತೆ ಚಪ್ಪಲಿಯಷ್ಟೂ ಲೆಕ್ಕಕ್ಕೆ ಹಿಡಿಯದ ಮನೆಗೆ ನಾನು ಮಗಳನ್ನು ಕೊಡುವುದಿಲ್ಲ. ನೀವು ಉಡಿಸಿದ ಸೀರೆಯನ್ನು ಗಗನನ ಕೈಯಲ್ಲಿ ತಿರುಗಿ ಕಳಿಸುತ್ತೇನೆ. ಇಲ್ಲೇ ಬಾಲಾನಗರದಲ್ಲಿ ಕೆಲಸದಲ್ಲಿದ್ದಾನಲ್ಲ, ಬಂದು ತೆಗೆದುಕೊಂಡು ಹೋಗಲಿ.

ಸ್ನೇಹಲತಾ ವಿಜಯಕುಮಾರ

*

ಕಾಸರಕೋಡ, ಹೊನ್ನಾವರ
೪ ಮೇ ೨೦೨೩

ಬೀಗಿತ್ತಿಯವರಿಗೆ,

ನೀವು ಹೊಡೆದುಹಾಕಿದ್ದನ್ನು ನಾನು ಮತ್ತೆ ಬರೆದಿದ್ದೇನೆ. ಕ್ಷಮಿಸಿ.

ನಿಮ್ಮ ಕಾಗದ ಓದಿದೆ. ನೀವು ಬೈದದ್ದರಲ್ಲಿ ಒಂದನ್ನೂ ನಾನು ತಿರುಗಿ ಹೇಳುವುದಿಲ್ಲ. ತಪ್ಪು ನಮ್ಮದು. ದೋಣಿ ನಮ್ಮದು, ಕರೆದವರು ನಾವು, ಕರೆದವರನ್ನು ಕ್ಷೇಮವಾಗಿ ದಡ ಮುಟ್ಟಿಸುವುದು ನಮ್ಮ ಜವಾಬ್ದಾರಿ.

ಬುಟ್ಟಿಯ ವಿಷಯ ಮಾತ್ರ ಹೇಳುತ್ತೇನೆ, ಸಮರ್ಥನೆಗಲ್ಲ. ನಮ್ಮ ಮನೆತನದಲ್ಲಿ ಕಡಲ ಮೇಲೆ ಜನರ ತಲೆ ಎಣಿಸುವುದಿಲ್ಲ. ಎಣಿಸಿದರೆ ಕಡಲು ತನ್ನ ಪಾಲು ಕೇಳುತ್ತದೆ ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಜಟಗನ ಕಲ್ಲಿಗೆ ಚಪ್ಪಲಿ ಹಾಕಿ ಇಳಿಯುವಂತಿಲ್ಲ, ಹಾಗಾಗಿ ಎಲ್ಲರ ಚಪ್ಪಲಿಯೂ ದೋಣಿಯ ಬುಟ್ಟಿಗೆ ಬೀಳುತ್ತದೆ. ಬರುವಾಗ ಒಬ್ಬೊಬ್ಬರೂ ತಮ್ಮದನ್ನು ಎತ್ತಿಕೊಂಡರೆ ಬುಟ್ಟಿ ಬರಿದಾಗಬೇಕು. ಬುಟ್ಟಿಯಲ್ಲಿ ಒಂದು ಉಳಿದರೆ ದಡದಲ್ಲಿ ಒಬ್ಬರು ಉಳಿದ ಹಾಗೆ. ಮಾವನವರ ಕಾಲದಿಂದ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ನಿಮ್ಮ ತಾಯಿಯವರ ಹರಕೆ ನಮಗೆ ಗೊತ್ತಿರಲಿಲ್ಲ. ದಕ್ಕೆಯಲ್ಲಿ ಅವರು ಬರಿಗಾಲಲ್ಲಿ ನಿಂತದ್ದನ್ನು ನಾನು ನೋಡಿದ್ದೆ. ಆಗಲೇ ಬುಟ್ಟಿಗೆ ಹಾಕಿದ್ದಾರೆ ಎಂದುಕೊಂಡೆ. ಆ ದಿನ ಗಾಳಿಯೂ ಇದ್ದಕ್ಕಿದ್ದಂತೆ ತಿರುಗಿತು. ಲಂಗರು ಬಂಡೆಗೆ ಸಿಕ್ಕಿಕೊಂಡು ನಮ್ಮವರು ಅದನ್ನು ಬಿಡಿಸುವುದರಲ್ಲೇ ಇದ್ದರು.

ನಿಮ್ಮ ತಾಯಿಯವರ ಅಂಗಾಲಿಗೆಂದು ಮುರುಗಲ ತುಪ್ಪ, ನೀವು ಕೋಕಂ ಎನ್ನುವ ಹಣ್ಣಿನ ಬೀಜದ್ದು, ಕಳಿಸಿದ್ದೇನೆ. ನಮ್ಮಲ್ಲಿ ಕಾಲು ಒಡೆದರೂ ಸುಟ್ಟರೂ ಅದೇ ಮದ್ದು. ಗಟ್ಟಿಯಾಗಿರುತ್ತದೆ, ಸ್ವಲ್ಪ ಬಿಸಿ ಮಾಡಿ ಹಚ್ಚಿ. ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ ಉರಿ ಇಳಿಯುತ್ತದೆ.

ನಮ್ಮವರು ಚೆನ್ನಾಗಿದ್ದಾರೆ. ಕೆಲಸದ ಗಡಿಬಿಡಿ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಮದುವೆಯ ಬಗ್ಗೆ ಸಿಟ್ಟು ಇಳಿದ ಮೇಲೆ ನಿರ್ಧಾರ ಮಾಡಿ. ಜ್ಯೇಷ್ಠ ಮುಗಿದರೆ ಆಷಾಢ, ಅದರ ಬೆನ್ನಿಗೆ ಈ ವರ್ಷ ಅಧಿಕ ಮಾಸ. ಎಂಟನೇ ತಾರೀಖು ತಪ್ಪಿದರೆ ಶ್ರಾವಣದವರೆಗೆ ಒಳ್ಳೆಯ ದಿನವಿಲ್ಲ. ಅಲ್ಲಿಯವರೆಗೂ ನಿಮ್ಮ ತಾಯಿಯವರ ಕಾಲು ಬರಿಗಾಲೇ. ಅದನ್ನು ನೆನೆದು ಬರೆಯುತ್ತಿದ್ದೇನೆ, ಬೇರೆ ಯಾವ ಉದ್ದೇಶವೂ ಇಲ್ಲ.

ನಿಮ್ಮ
ಸುಮತಿ ಸುಬ್ಬರಾಯ

*

ಕುಷಾಯಿಗೂಡ
೧೦ ಮೇ ೨೦೨೩

ಸುಮತಿಯವರಿಗೆ,

ಕೆಲಸದ ಗಡಿಬಿಡಿಯಂತೆ!

ನಿಮ್ಮ ಕಾಗದದಲ್ಲಿ ಬೇರೆ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ. ಒಬ್ಬ ಮುದುಕಿಯನ್ನು ಬಿಸಿಲಿಗೆ ಒಣಹಾಕಿ ಬಂದ ಮನುಷ್ಯ ಚೆನ್ನಾಗಿದ್ದಾನಂತೆ, ಮೀನು ಹಿಡಿಯುವ ಗಡಿಬಿಡಿಯಲ್ಲಿದ್ದಾನಂತೆ, ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲವಂತೆ. ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ಗಂಡಸರನ್ನು ನಾನು ಇಲ್ಲಿಯೂ ಬೇಕಾದಷ್ಟು ನೋಡಿದ್ದೇನೆ. ನನ್ನ ಮನೆಯಲ್ಲೇ ಒಬ್ಬರಿದ್ದಾರೆ. ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಿಂದ ಬಂದು ಟಿವಿ ಮುಂದೆ ಕೂತು “ನೀವು ನೀವು ಹೆಣ್ಮಕ್ಕಳು ನೋಡ್ಕೋರಿ” ಎನ್ನುತ್ತಾರೆ.

ಕಡಲು ಪಾಲು ಕೇಳುತ್ತದಂತೆ, ಅದಕ್ಕೆ ತಲೆ ಎಣಿಸುವುದಿಲ್ಲವಂತೆ. ಚೆನ್ನಾಗಿದೆ. ನೀವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರಲ್ಲವೇ? ಹಾಜರಿ ಕೂಗುತ್ತೀರೋ, ಚಪ್ಪಲಿ ನೋಡಿ ಟಿಕ್ ಹಾಕುತ್ತೀರೋ?

ಆ ತುಪ್ಪವನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ತುಪ್ಪ ಹಚ್ಚಿ ಬಾಯಿ ಮುಚ್ಚಿಸಬಹುದೆಂದು ನೀವು ತಿಳಿದಿದ್ದರೆ ನಾವು ಆ ಪೈಕಿ ಅಲ್ಲ. ಮತ್ತೆ ಆ ಆಷಾಢ, ಅಧಿಕ ಮಾಸದ ಪಾಠ! ನಮಗೆ ಪಂಚಾಂಗ ಗೊತ್ತಿಲ್ಲವೇ? ನನ್ನ ಅವ್ವನ ಕಾಲನ್ನು ಅಡ್ಡ ಇಟ್ಟು ಮದುವೆ ಮಾಡಿಸಿಕೊಳ್ಳುವ ಹುನ್ನಾರವೇ?

ಇಲ್ಲಿ ಬಿಸಿಲು ಹೇಗಿದೆಯೆಂದು ನಿಮಗೇನು ಗೊತ್ತು. ಹತ್ತು ಗಂಟೆಗೆ ಡಾಂಬರು ಮೆತ್ತಗಾಗುತ್ತದೆ. ಬೇಡವೆಂದರೂ ಅವ್ವ ದಿನಾ ಬಸವಣ್ಣನ ಗುಡಿಗೆ ಹೋಗಿ, ಬರುವಾಗ ಸೊಪ್ಪು ತರುತ್ತಾಳೆ. ಆಟೋದವರು “ಅಮ್ಮಾ, ಚೆಪ್ಪುಲೇವಿ?” ಎಂದು ತೆಲುಗಿನಲ್ಲಿ ಕೇಳಿದರೆ “ದೇವರ ಹತ್ರ ಅದಾವಪಾ” ಎಂದು ಕನ್ನಡದಲ್ಲೇ ಉತ್ತರ. ಗೋಡೆಯ ನೆರಳು ಹಿಡಿದು ಹೆಜ್ಜೆ ಇಡುತ್ತಾಳೆ, ನೆರಳು ಮುಗಿದಲ್ಲಿ ಸ್ವಲ್ಪ ಓಡುತ್ತಾಳೆ. ಎಪ್ಪತ್ತಾರನೆಯ ವಯಸ್ಸಿಗೆ ಓಡುತ್ತಾಳೆ. ದಿನಾ ಬಾಲ್ಕನಿಯಿಂದ ನೋಡುತ್ತೇನೆ.

“ಅವ್ವಾ, ಹರಕಿ ಬಿಡು, ದೇವರಿಗೆ ತಪ್ಪು ಕಾಣಿಕಿ ಹಾಕೂಣು” ಎಂದೆ. “ದೇವರಿಗೆ ಕೊಟ್ಟ ಮಾತು ನಿನ್ನ ಫಂಕ್ಷನ್ ಹಾಲ್ ಬುಕಿಂಗ್ ಏನು, ಕ್ಯಾನ್ಸಲ್ ಮಾಡಾಕ?” ಎಂದಳು. ಅಷ್ಟೇ. ದ್ವೀಪದಿಂದ ಬಂದಾಗಿನಿಂದಲೂ ನನ್ನೊಂದಿಗೆ ಸರಿಯಾಗಿ ಮಾತಾಡಿಲ್ಲ. ಅಷ್ಟು ಆಘಾತವಾಗಿದೆ ಅವಳಿಗೆ. ಅದಕ್ಕೂ ನಿಮ್ಮ ಯಜಮಾನರೇ ಹೊಣೆ.

ಕಾವ್ಯಾ ಮಿಯಾಪುರದ ಗೆಳತಿಯ ಫ್ಲಾಟಿಗೆ ಹೋಗಿ ಕೂತಿದ್ದಾಳೆ. ಹೋಗುವಾಗ “ಮಮ್ಮಿ, ನಿನ್ನ ಸಿಟ್ಟಿಗೆ ಅಜ್ಜಿ ಕಾಲು ಸುಡಾಕತ್ತಾವು” ಎಂದು ಬಾಗಿಲು ಬಡಿದು ಹೋದಳು. ನೋಡಿದಿರಾ? ಬಿಟ್ಟುಬಂದವರು ನೀವು, ಬೈಸಿಕೊಳ್ಳುವವಳು ನಾನು.

ನಿಮ್ಮ ಯಜಮಾನರು ಬಂದು, ನನ್ನ ಅವ್ವನ ಮುಂದೆ, ನಮ್ಮ ಬಳಗದ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವವರೆಗೂ ಮದುವೆಯ ಮಾತು ಎತ್ತಬೇಡಿ. ಅದಾದ ಮೇಲೂ ನನ್ನ ಮನಸ್ಸು ತಿರುಗುತ್ತದೆಂದು ಹೇಳಲಾರೆ.

ಸ್ನೇಹಲತಾ

*

ಕಾಸರಕೋಡ
೧೬ ಮೇ ೨೦೨೩

ಸ್ನೇಹಲತಾ ಅವರೇ,

ಇಷ್ಟು ದಿನ ಹಲ್ಲು ಕಚ್ಚಿ ಸುಮ್ಮನಿದ್ದೆ. ಗಂಡಿನ ಕಡೆಯವಳಾದರೂ ತಪ್ಪು ಮಾಡಿದವರ ಕಡೆಯವಳು, ತಗ್ಗಿ ನಡೆಯಬೇಕೆಂದು ನನಗೆ ನಾನೇ ಹೇಳಿಕೊಂಡೆ. ಇನ್ನು ಆಗುವುದಿಲ್ಲ. ನಾನೂ ಮನುಷ್ಯಳೇ.

ಕೆಲಸದ ಗಡಿಬಿಡಿ ಎಂದು ಬರೆದದ್ದು ಸುಳ್ಳು. ನಿಮಗೆ ಹೇಳಬಾರದೆಂದು ಅವರೇ ತಡೆದಿದ್ದರು, ಅದಕ್ಕೆ ಬರೆದೆ. ಆ ಭಾನುವಾರದ ಮೇಲೆ ಅವರು ಕಡಲಿಗೆ ಇಳಿದಿಲ್ಲ. ಜೂನ್ ಒಂದಕ್ಕೆ ಬಂದರು ಬಂದ್. ಎರಡು ತಿಂಗಳು ಯಾರೂ ಮೀನಿಗೆ ಇಳಿಯುವಂತಿಲ್ಲ. ವರ್ಷದ ಕೊನೆಯ ದುಡಿಮೆಯ ದಿನಗಳಿವು. ಊರಿನ ದೋಣಿಯೆಲ್ಲ ಹೊರಗಿದೆ, ನಮ್ಮದೊಂದು ದಕ್ಕೆಯಲ್ಲಿ ಕಟ್ಟಿಕೊಂಡು ಬಿದ್ದಿದೆ. ಕರೆದರೆ “ನನ್ನ ಕೈಗೆ ಲಂಗರು ಹಿಡಿಯುವ ಧೈರ್ಯ ಇಲ್ಲ ಸುಮತಿ” ಎನ್ನುತ್ತಾರೆ. ಆ ಬುಟ್ಟಿಯನ್ನು ಕಡಿದು ಒಲೆಗೆ ಹಾಕಿದರು. ಅವರಪ್ಪನ ಕಾಲದ ಬುಟ್ಟಿ. ಹೆಂಡತಿಯ ಹಿಂದೆ ನಿಲ್ಲುವ ಗಂಡಸು ಎಂದಿರಲ್ಲ, ಅಂಥವರು ಬುಟ್ಟಿ ಸುಡುವುದಿಲ್ಲ, ಇನ್ನೊಬ್ಬರನ್ನು ಸುಡುತ್ತಾರೆ.

ಆ ದಿನ ನಿಮ್ಮ ತಾಯಿಯವರನ್ನು ಹೆಗಲ ಮೇಲೆ ಹೊತ್ತು ದಕ್ಕೆ ಹತ್ತಿದಾಗ ನಮ್ಮವರ ಎಡಗೆನ್ನೆ ಕೆಂಪಗೆ ಊದಿತ್ತು. ಏನೆಂದು ಕೇಳಿದೆ. ಬಿಸಿಲು ಎಂದರು. ಅವರೊಬ್ಬರೇ ನಿಮ್ಮ ತಾಯಿಗಾಗಿ ಬಿಸಿಲು ತಿಂದವರು. ನೀವು ಎಲ್ಲಿದ್ದಿರಿ? ನೆರಳಿನಲ್ಲಿ.

ಹೌದು, ಕೇಳುತ್ತೇನೆ. ನೀವು ಎಲ್ಲಿದ್ದಿರಿ?

ಇಪ್ಪತ್ತು ಜನರಲ್ಲಿ ನಮಗೆಲ್ಲ ಅವರು ಬೀಗರ ಮನೆಯ ಹಿರಿಯರು, ಒಂದು ದಿನದ ಪರಿಚಯ. ನಿಮಗೆ ಹೆತ್ತ ತಾಯಿ. ದೋಣಿ ಜಟಗನ ಕಲ್ಲು ಬಿಟ್ಟು ನದಿಯ ಬಾಯಿಗೆ ಬರುವವರೆಗೂ ನಿಮಗೆ ಅವರ ನೆನಪು ಬರಲಿಲ್ಲ. “ಅಜ್ಜಿ ಎಲ್ಲಿ?” ಎಂದು ಮೊದಲು ಕೇಳಿದವನು ಯಾರು? ನನ್ನ ಮಗ. ಅವರಿಗೆಂದು ಎಳನೀರು ಕೆತ್ತಿ ಹಿಡಿದುಕೊಂಡು ಮುಂದಿನ ತಾಡಪಾಲಿನ ಕೆಳಗೆ ಹೆಂಗಸರ ನಡುವೆ ಹುಡುಕಿದ, ಹಿಂದೆ ಇಂಜಿನ್ ಹತ್ತಿರ ಬಂದು ಹುಡುಕಿದ, ಆಮೇಲೆ ಕೂಗಿದ. ಅವನು ಕೂಗಿದಾಗ ನೀವು ಏನು ಮಾಡುತ್ತಿದ್ದಿರಿ, ನೆನಪಿದೆಯೇ? ನನ್ನ ಜೊತೆ ಜಗಳ ಆಡುತ್ತಿದ್ದಿರಿ. ದ್ವೀಪದಲ್ಲಿ ಶುರುವಾದ ಜಗಳ. ಮದುವೆಯ ಮಾರನೆಯ ವಾರ ನಮ್ಮ ಮನೆಯಲ್ಲಿ ಬೀಗರ ಊಟಕ್ಕೆ ಮೀನು ಮಾಡುವುದೋ ಬೇಡವೋ ಎಂದು. “ನಮ್ಮ ಮಂದಿ ಪಂಕ್ತಿಯಿಂದ ಎದ್ದು ಹೋಗ್ತಾರ್ರಿ” ಎಂದು ನೀವು. “ನಮ್ಮ ಮನೆಯಲ್ಲಿ ನಮ್ಮ ಊಟ ನಾವು ಮುಚ್ಚಿಟ್ಟು ಉಣ್ಣಬೇಕೇ?” ಎಂದು ನಾನು. ದೋಣಿ ಹತ್ತುವಾಗಲೂ ಅದೇ, ಕೂತ ಮೇಲೂ ಅದೇ. ನಾನು ನೋಡಲಿಲ್ಲ ಎಂದು ಒಪ್ಪುತ್ತೇನೆ. ಆದರೆ ನಾನು ಅವರ ಮಗಳಲ್ಲ.

ನಿಮ್ಮ ಎರಡೂ ಕಾಗದಗಳಲ್ಲಿ ಈ ಮೀನಿನ ಸುದ್ದಿಯೇ ಇಲ್ಲ. ಅವಲಕ್ಕಿ ವಾಂತಿ ಮಾಡಿದ್ದೂ ಇದೆ, ಕಲ್ಲಂಗಡಿಯೂ ಇದೆ. ಮೀನು ಮಾತ್ರ ಬಿಟ್ಟುಹೋಗಿದೆ. ಬುಟ್ಟಿಯ ಲೆಕ್ಕ ನಮ್ಮದು ಮೂಢರ ಲೆಕ್ಕವೇ ಇರಲಿ. ಮಗಳಿಗೆ ತಾಯಿಯನ್ನು ನೋಡಲು ಬುಟ್ಟಿ ಯಾಕೆ ಬೇಕು?

ನನ್ನ ಗಂಡ ಹೈದರಾಬಾದಿಗೆ ಬಂದು ನಿಮ್ಮ ಬಳಗದ ಮುಂದೆ ನಿಲ್ಲಬೇಕು ಎಂದಿರಿ. ಬರುತ್ತಾರೆ, ನಾನು ಬೇಡವೆಂದರೂ ಬರುತ್ತಾರೆ. ಅವರು ನಿಂತಾಗ ಪಕ್ಕದಲ್ಲಿ ನೀವೂ ನಿಲ್ಲಿ. ನಿಮ್ಮ ಬಳಗ ಇಬ್ಬರನ್ನೂ ನೋಡಲಿ.

ಮದುವೆ ಬೇಡವೆಂದರೆ ಬೇಡ. ನನ್ನ ಮಗನಿಗೆ ಹೆಣ್ಣು ಸಿಗದೇ ಹೋಗುವುದಿಲ್ಲ. ಆದರೆ ಆ ಮಗು ಕಾವ್ಯಾಳ ಮುಖ ನೆನೆದರೆ ನನಗೆ ಅಳು ಬರುತ್ತದೆ. ನಿಮ್ಮ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಲು ನನ್ನಿಂದಾಗದು. ನಿಮ್ಮಿಂದ ಹೇಗೆ ಆಗುತ್ತದೋ.

ಸುಮತಿ

*

ಕುಷಾಯಿಗೂಡ
೨೨ ಮೇ ೨೦೨೩

ಸುಮತಿಯವರೇ,

ನಿಮ್ಮ ಕಾಗದ ಶನಿವಾರ ಬಂತು. ನಿಂತಲ್ಲೇ ಓದಿ, ಸಿಟ್ಟು ನೆತ್ತಿಗೇರಿ, ನೇರ ಅಡುಗೆಮನೆಗೆ ಹೋದೆ. ಅವ್ವ ನೆಲದ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. “ಕೇಳವ್ವಾ, ನಿನ್ನ ಬೀಗ್ತಿ ಏನ ಬರದಾಳ ಕೇಳು. ಎಂಥಾ ಮಂದಿಗೆ ಹುಡುಗಿ ಕೊಡಾಕ ಹೊಂಟಿದ್ವಿ ಕೇಳು” ಎಂದು ಮೊದಲಿನಿಂದ ಕೊನೆಯವರೆಗೆ ದೊಡ್ಡ ದನಿಯಲ್ಲಿ ಓದಿದೆ. ಅವಳೂ ನನ್ನಷ್ಟೇ ಕೆರಳುತ್ತಾಳೆ, ನನ್ನ ಕಡೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

ಅವ್ವ ಬೇಳೆಯಿಂದ ಕೈ ಎತ್ತಲಿಲ್ಲ. “ಖರೆ ಬರದಾಳ” ಎಂದಳು.

“ಏನ ಖರೆ?” ಎಂದು ಚೀರಿದೆ.

ಆಗ ಅವಳು ಮೊರ ಪಕ್ಕಕ್ಕಿಟ್ಟಳು. ಒಂದು ತಿಂಗಳಿನಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಹಾಕಿದಳು. ಅವಳು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ. ತಿದ್ದಿ ಬರೆಯುವ ಶಕ್ತಿ ಇಲ್ಲ.

“ಆವತ್ತ ನಿನ್ನ ಸೆರಗ ಜಗ್ಗಿ ಅಂದ್ನಿಲ್ಲ, ಸ್ನೇಹಾ, ಜರಾ ನನ್ನ ಕೂಡ ನಡಿ, ಆ ಕಲ್ಲಿನ ಹಿಂದ ಹೋಗಿ ಬರೂಣು ಅಂತ? ಮುಂಜಾನಿಂದ ತಡಕೊಂಡಿದ್ನಿ. ಬೀಗರ ಮುಂದ ಒದರಿ ಹೇಳಾಕ ಬರ್ತೈತೇನು? ನೀ ಏನಂದಿ? ನೀ ನಡಿಯವ್ವಾ, ಬಂದೆ ಅಂದಿ. ಬಂದಿ? ಮೀನ, ಮೀನ, ಮೀನ. ನಾ ಹೊಳ್ಳಿ ಬರೂದ್ರಾಗ ದೋಣಿ ಹೊಂಟಿತ್ತು. ಕೈ ಬೀಸಿದ್ನಿ. ಒದರಿದ್ನಿ. ನಿನ್ನ ಹಳದಿ ಸೀರಿ ಕಾಣತಿತ್ತು, ಬೆನ್ನು ಈ ಕಡೆ. ದೇವರ ಹೆಸರ ಹಿಡದು ಕರೀಲಿಲ್ಲ ನಾ. ನಿನ್ನ ಹೆಸರ ಹಿಡದು ಕರದ್ನಿ. ನೀ ಹೊಳ್ಳಿ ನೋಡಲಿಲ್ಲ.”

ಇಂಜಿನಿನ ಸದ್ದಿತ್ತು ಅವ್ವಾ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

“ಆ ಸುಬ್ಬರಾಯ ಲಂಗರ ಹಾಕೂದಕ್ಕೂ ನಿಲ್ಲಲಿಲ್ಲ. ಮಗನ ಕೈಯಾಗ ದೋಣಿ ಬಿಟ್ಟು ಎದಿಮಟ ನೀರಾಗ ಜಿಗದ. ಬಂದು ಕಾಲಿಗೆ ಬಿದ್ದ. ಎಬ್ಬಿಸಿ ಕಪಾಳಕ್ಕ ಬಿಟ್ನಿ ಒಂದು. ಗಗನ ಆ ಕಡೆ ಮಾರಿ ತಿರುಗಿಸಿಕೊಂಡ, ಶ್ಯಾಣ್ಯಾ ಹುಡುಗ. ಇನ್ನೊಂದು ಹೊಡೀರಿ ಅಮ್ಮಾ ಅಂದ ಅಂವ. ಸಾಕು ಬಿಡಪಾ, ಮನಿಗೆ ಕರಕೊಂಡು ನಡಿ ಅಂದ್ನಿ. ಅವನ ಮ್ಯಾಲಿನ ಸಿಟ್ಟು ಅಲ್ಲೇ ಹೋತು. ನಿನಗ ಬೀಗರ ಮುಂದ ಹೊಡಿಯಾಕ ಬರಲಿಲ್ಲ. ನಿನ್ನ ಮ್ಯಾಲಿಂದು ಇನ್ನೂ ಹಂಗ ಐತಿ, ಇಲ್ಲಿ, ಎದಿಯಾಗ.”

ಹಾಗೆಂದು ಎದ್ದು ನಿಂತಳು. ನಾನು ಐವತ್ತೊಂದು ವರ್ಷದ ಹೆಂಗಸು, ನಾಳೆಯೋ ನಾಡಿದ್ದೋ ಅತ್ತೆಯಾಗಬೇಕಾದವಳು. ಬೇಳೆಯ ಧೂಳು ಮೆತ್ತಿದ ಕೈಯಿಂದ ನನ್ನ ಕಪಾಳಕ್ಕೆ ಹೊಡೆದಳು. ಮೆಲ್ಲಗೆ ಹೊಡೆಯಲಿಲ್ಲ. ಪಡಸಾಲೆಯಲ್ಲಿದ್ದ ವಿಜಯಕುಮಾರರು ಟಿವಿ ಆರಿಸಿ ಬಾಗಿಲಿಗೆ ಬಂದರು, ಅವ್ವನ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದರು.

ಆಮೇಲೆ ಅವಳೂ ಅತ್ತಳು, ನಾನೂ ಅತ್ತೆ. ಎಷ್ಟು ಹೊತ್ತೆಂದು ಹೇಳಲಾರೆ. ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು.

ಅಟ್ಟದ ಮೇಲಿದ್ದ ನಿಮ್ಮ ತುಪ್ಪ ಇಳಿಸಿದೆ. ಅವಳು ಮೊದಲು ಕಾಲು ಮುಟ್ಟಗೊಡಲಿಲ್ಲ, ಆಮೇಲೆ ಚಾಚಿದಳು. ಹಚ್ಚಲು ಕೂತಾಗ ನೋಡಿದೆ ಸುಮತಿಯವರೇ, ಎಡಗಾಲಿನ ಹಿಮ್ಮಡಿ ಒಡೆದು ಒಳಗೆ ಕೆಂಪು ಕಾಣುತ್ತಿತ್ತು. ಇಷ್ಟು ದಿನ ಅದರ ಹೆಸರು ಹೇಳಿ ನಿಮ್ಮನ್ನು ಬೈಯುತ್ತಿದ್ದೆನಲ್ಲ, ಒಂದು ದಿನವೂ ಆ ಕಾಲನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಬಾಲ್ಕನಿಯಿಂದ ನೋಡಿದ್ದಷ್ಟೇ.

ಮದುವೆ ಎಂಟನೇ ತಾರೀಖಿಗೇ ನಡೆಯುತ್ತದೆ. ಹಾಲ್‌ನವರಿಗೆ ಬೇಡವೆಂದು ನಾನು ಹೇಳಿಯೇ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಬೇಡಿ. ಕಾವ್ಯಾ ಭಾನುವಾರ ಮಿಯಾಪುರದಿಂದ ಬಂದಳು. ನನ್ನ ಕೆನ್ನೆ ನೋಡಿ “ಏನ ಆತು ಮಮ್ಮಿ?” ಎಂದಳು. ಬಿಸಿಲು ಎಂದೆ.

ನಿಮ್ಮ ಯಜಮಾನರು ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಅವರದು ಆ ಬಂಡೆಯ ಮೇಲೇ ಮುಗಿಯಿತೆಂದು ಅವ್ವ ಹೇಳಿದ್ದಾಳೆ, ನಾಳೆಯೇ ದೋಣಿ ಇಳಿಸಬೇಕಂತೆ. ಬೀಗರ ಊಟಕ್ಕೆ ಮೀನು ಮಾಡಿ. “ಅವರ ಮನ್ಯಾಗ ಅವರು ಉಣ್ಣಲಿ, ನಾವು ಹೋಳಿಗಿ ಉಂಡು ಏಳೂಣು. ಎದ್ದು ಹೋಗೋರು ನಡಕೋತ ಹೋಗಲಿ” ಎಂದಿದ್ದಾಳೆ.

ಇಷ್ಟರಿಂದ ನನ್ನ ಸಿಟ್ಟು ತೀರಿತೆಂದು ತಿಳಿಯಬೇಡಿ. ನಿಮ್ಮ ಮೇಲಿನದು ತೀರಿಲ್ಲ. ಅವ್ವ ಇನ್ನೊಂದು ಮಾತು ಹೇಳಿದಳು: “ನಾ ನಿನ್ನ ಸೆರಗ ಜಗ್ಗಿದಾಗ ಆಕಿನೂ ಕೇಳಿದ್ಳು. ನನ್ನ ಮಾರಿ ನೋಡಿದ್ಳು. ಮಗಳು ಹೋಗ್ತಾಳ ಅಂತ ಸುಮ್ಕಾದ್ಳು.” ‘ನಾನು ಅವರ ಮಗಳಲ್ಲ’ ಎಂದು ಎಷ್ಟು ಚೆನ್ನಾಗಿ ಬರೆದಿರಿ! ನನ್ನ ಕಾಗದದಲ್ಲಿ ಮೀನಿಲ್ಲ ಎಂದಿರಿ, ಸರಿ. ನಿಮ್ಮ ಕಾಗದದಲ್ಲಿ ಇದು ಎಲ್ಲಿದೆ? ಬ್ಲಾಕ್ ತೆಗೆದಿದ್ದೇನೆ, ಆದರೆ ಫೋನ್ ಮಾಡಬೇಡಿ. ದನಿ ಕೇಳಿದರೆ ಮತ್ತೆ ಶುರುವಾಗುತ್ತದೆ.

ನೀವೆಲ್ಲ ಮದುವೆಗೆ ಇಲ್ಲಿಗೆ ಬರುವ ರೈಲಿನ ಟಿಕೆಟ್ ವಿಜಯಕುಮಾರರು ನೋಡುತ್ತಾರೆ. ಅಷ್ಟಾದರೂ ಮಾಡಲಿ.

ಕೊನೆಯದಾಗಿ ಒಂದು. ನಿನ್ನೆ ಊಟಕ್ಕೆ ಕೂತಾಗ ಅವ್ವ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ಮದುವಿ ದಿನ ಅಷ್ಟು ಮಂದ್ಯಾಗ ನಾ ಒಂದ ಸಲ ಕರೀತೀನಿ. ಯಾರು ಬರ್ತೀರಿ ನೋಡ್ತೀನಿ.” ತಮಾಷೆಗೆ ಹೇಳಿದಳೋ ಏನೋ, ನಗಲಂತೂ ಇಲ್ಲ. ಫಂಕ್ಷನ್ ಹಾಲ್‌ನಲ್ಲಿ ಬ್ಯಾಂಡು ಬಾರಿಸುತ್ತಿರುತ್ತಾರೆ, ನಮ್ಮ ಬಳಗದವರ ಗದ್ದಲ ನಿಮಗೆ ಗೊತ್ತೇ ಇದೆ, ನಾನು ಯಾರ ಜೊತೆಗೋ ಯಾವುದಕ್ಕೋ ಜಗಳ ಆಡುತ್ತಿರುತ್ತೇನೆ. ನನಗೆ ಕೇಳದೇ ಹೋದೀತು. ನಿಮಗೆ ಕೇಳಿಸಿದರೆ ಈ ಸಲ ಸುಮ್ಮನೆ ಕೂಡಬೇಡಿ. ನನ್ನ ರಟ್ಟೆ ಹಿಡಿದು ಎಬ್ಬಿಸಿ.

ಸ್ನೇಹಲತಾ